ಮೂಗುಬಟ್ಟು ತೊಟ್ಟ ರವಿಕೆ ಕಣ

ನಾನು ಒಂದು ರವಿಕೆ ಕಣ. ಬಣ್ಣ ಗಿಳಿಹಸಿರು, ಅಂಚು ಸಾಸಿವೆ ಹಳದಿ. ದೊಡ್ಡಬಳ್ಳಾಪುರದ ಮಗ್ಗವೊಂದರಲ್ಲಿ ಹುಟ್ಟಿದೆ. ಹುಟ್ಟಿದಾಗ ಥಾನಿನ ಉದ್ದಕ್ಕೂ ನಾನೇ ಇದ್ದೆ. ಕತ್ತರಿ ಬಂದು ಹೋದ ಮೇಲೆ ಇಷ್ಟು ಮಾತ್ರ ನಾನು, ಮಿಕ್ಕದ್ದು ಬೇರೆಯವರು ಎಂದಾಯಿತು. ನಾನು ಎಲ್ಲಿಂದ ಎಲ್ಲಿಯವರೆಗೆ ಎನ್ನುವ ಗೊಂದಲ ಆಗ ಶುರುವಾದದ್ದು ಇನ್ನೂ ಮುಗಿದಿಲ್ಲ.

ಹೊಳೆನರಸೀಪುರದ ಅಂಗಡಿಯೊಂದರಲ್ಲಿ ಮಡಿಕೆಯಾಗಿ ಕೂತಿದ್ದೆ. ಕೋಟೆ ಬೀದಿಯ ಕಾತ್ಯಾಯಿನಿ ಬಂದು ನನ್ನನ್ನು ಆರಿಸಿದರು.

"ಹೊಲಿಯೋಕೆ ಕೊಡ್ತೀರಾ ಅಕ್ಕ? ಪಕ್ಕದಲ್ಲೇ ಟೈಲರ್ ಇದ್ದಾನೆ," ಎಂದ ಅಂಗಡಿಯವನು.

"ಹೊಲಿಸೋಕಲ್ಲಪ್ಪ, ಕೊಡೋಕೆ."

ಆ ಮಾತು ನನಗೆ ಅರ್ಥವಾಗಲಿಲ್ಲ. ರವಿಕೆಯಾಗಲು ಹುಟ್ಟಿದ ಬಟ್ಟೆಯನ್ನು ಹೊಲಿಸದೆ ಏನು ಮಾಡುತ್ತಾರೆ? ಮುಂದೆ ತಿಳಿಯಿತು. ಅರಿಶಿನ ಕುಂಕುಮಕ್ಕೆ ಬಂದವರ ಕೈಗೆ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ನನ್ನನ್ನು ಕೊಡುತ್ತಾರೆ. ಅವರು ಕಣ್ಣಿಗೊತ್ತಿಕೊಂಡು ಒಯ್ದು ಬೀರುವಿನಲ್ಲಿಡುತ್ತಾರೆ. ಇನ್ನೊಬ್ಬರು ಬಂದಾಗ ತೆಗೆದು ಕೊಡುತ್ತಾರೆ. ಯಾರೂ ಬಿಚ್ಚಿ ನೋಡುವುದಿಲ್ಲ. ಬಂದದ್ದನ್ನೇ ಹೀಗೆ ದಾಟಿಸಿದೆವೆಂದು ಯಾರೂ ಹೇಳುವುದೂ ಇಲ್ಲ.

ಕಾತ್ಯಾಯಿನಿ ನನ್ನನ್ನು ಎದುರುಮನೆಯ ಅಂಬುಜಾಕ್ಷಮ್ಮನವರಿಗೆ ಕೊಟ್ಟರು. ಅವರು ಬೀದಿಗೆ ಹಿರಿಯರು, ಒಳ್ಳೆಯವರು, ಮಾತು ಸ್ವಲ್ಪ ಜೋರು. ಅವರ ಬೀರುವಿನಲ್ಲಿ ನನ್ನಂಥವರ ದೊಡ್ಡ ರಾಶಿಯೇ ಇತ್ತು. ಕೆಳಗಿದ್ದ ಒಂದು ನೇರಳೆ ಕಣಕ್ಕೆ ತಾನು ಯಾರ ಮನೆಯಿಂದ ಬಂದದ್ದೆಂಬುದೇ ಮರೆತುಹೋಗಿತ್ತು. ಬೀರುವಿನ ಕತ್ತಲಲ್ಲಿ ಕಾಲ ಹೋದದ್ದು ಗೊತ್ತಾಗುತ್ತಿರಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಬೀರು ತೆರೆಯಿತು. ಎಣ್ಣೆನೀರಿಗೆ ಹೊರಟಿದ್ದ ಅಂಬುಜಾಕ್ಷಮ್ಮ ತಮ್ಮ ದಿನದ ಮೂಗುಬಟ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಎಲ್ಲಿಡಲಿ ಎಂದು ಸುತ್ತ ನೋಡಿ, ರಾಶಿಯ ಮೇಲಿದ್ದ ನನ್ನ ಒಳಮಡಿಕೆಗೆ ಅದನ್ನು ಚುಚ್ಚಿ ತಿರುಪು ಬಿಗಿದರು. "ಕಣ ಯಾರು ಬಿಚ್ತಾರೆ, ಇಲ್ಲಿಗಿಂತ ಭದ್ರ ಬೇರೆಲ್ಲಿ," ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ನೋವಾಯಿತು, ಹೆಮ್ಮೆಯೂ ಆಯಿತು. ನನಗೂ ಮೂಗು ಇದೆಯೆಂದು ಗೊತ್ತಾದದ್ದು ಆವತ್ತೇ.

ಸ್ನಾನ ಮುಗಿಸಿ ಬಂದವರು ಹಬ್ಬಕ್ಕೆಂದು ಮುತ್ತಿನ ನತ್ತು ಹಾಕಿಕೊಂಡರು. ಪೂಜೆ, ಹೋಳಿಗೆ, ಬಂದವರು, ಹೋದವರು. ಸಂಜೆ ಕಾತ್ಯಾಯಿನಿ ಬಂದಾಗ ಅಂಬುಜಾಕ್ಷಮ್ಮ ಬೀರುವಿಗೆ ಕೈಹಾಕಿ, ಮೇಲಿದ್ದ ನನ್ನನ್ನೇ ತೆಗೆದು ಅವರ ಉಡಿಗೆ ಹಾಕಿದರು.

ಕಾತ್ಯಾಯಿನಿ ಮನೆಗೆ ಬಂದು ನನ್ನ ಅಂಚು ಸವರಿ ನೋಡಿದರು. "ನಾನು ಕೊಟ್ಟದ್ದನ್ನೇ ನನಗೆ," ಎಂದರು ಗೋಡೆಗೆ. ಆಗ ಅವರ ಮನೆಯಲ್ಲಿ ಪಾತ್ರೆ ಉಜ್ಜಿ ಎದ್ದ ಚೌಡಮ್ಮನಿಗೆ ಹಬ್ಬದಡಿಗೆಯ ಜೊತೆ ನನ್ನನ್ನು ಕೊಟ್ಟುಬಿಟ್ಟರು. ಚೌಡಮ್ಮ ನನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ದಸರಾಕ್ಕೆ ಹೊಲಿಸ್ತೀನಿ ಕಣಮ್ಮ," ಎಂದಳು. ಕೈಗೆ ಬಂದ ನನ್ನನ್ನು ಹೊಲಿಸುತ್ತೇನೆಂದ ಮೊದಲಿಗಳು ಅವಳು.

ನತ್ತು ಬಿಚ್ಚಿದ ದಿನ ಅಂಬುಜಾಕ್ಷಮ್ಮನವರಿಗೆ ಮೂಗುಬಟ್ಟು ನೆನಪಾಯಿತು. ಇಟ್ಟ ಜಾಗ ನೆನಪಾಗಲಿಲ್ಲ. ಬೀದಿಯ ಬೇರೆ ಮನೆಗಳಂತೆ ಅಲ್ಲೂ ಕೆಲಸಕ್ಕೆ ಬಂದು ಆ ಕೋಣೆ ಗುಡಿಸುತ್ತಿದ್ದವಳು ಚೌಡಮ್ಮ. ಬೀದಿ ನಲ್ಲಿಯ ಹತ್ತಿರ, ಬಿಂದಿಗೆ ಹಿಡಿದು ನಿಂತವರೆಲ್ಲರ ಮುಂದೆ, "ಕೈ ಶುದ್ಧ ಇಲ್ಲದೋಳು ನನ್ನ ಮನೆ ಹೊಸಿಲು ತುಳೀಬೇಡ" ಎಂದರಂತೆ. ಅವರ ಮಗ ಪೊಲೀಸ್ ಸ್ಟೇಷನ್ನಿಗೆ ಹೇಳುತ್ತೇನೆಂದನಂತೆ. ಉಳಿದ ಮನೆಯವರು ಜಗಳವಾಡಲಿಲ್ಲ, "ಸ್ವಲ್ಪ ದಿನ ಬಿಟ್ಟು ಬಾ" ಎಂದರು. ಕಾತ್ಯಾಯಿನಿಯೂ ಹಾಗೇ ಅಂದಾಗ ಚೌಡಮ್ಮ ನನ್ನನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಕಾತ್ಯಾಯಿನಿಯ ಮನೆಗೇ ವಾಪಸ್ಸು ಎಸೆದು ಬರಬೇಕೆಂದಿದ್ದಳು. ದಾರಿಯಲ್ಲಿ ಪದ್ಮಾಸನಿಯವರ ಮನೆಗೆ ಹೊಕ್ಕಳು.

ಪದ್ಮಾಸನಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅವರಿಗೆ ಕಣ ಕೊಡಬಹುದೋ ಬಾರದೋ ಎಂಬುದು ಬೀದಿಯಲ್ಲಿ ಯಾವತ್ತೂ ತೀರ್ಮಾನವಾಗಲಿಲ್ಲ. ಹಾಗಾಗಿ ನಾವು ಸುತ್ತುವ ದಾರಿಯಲ್ಲಿ ಆ ಮನೆ ಇರಲಿಲ್ಲ. ಕಳೆದುಹೋದ ಕೊಡೆ, ಹೇಳದೆ ಕೇಳದೆ ಮುರಿದ ಸಂಬಂಧ, ಯಾರೋ ಕೊಯ್ದ ಹೂವು, ಇಂಥದ್ದೆಲ್ಲ ಪತ್ತೆ ಮಾಡುವುದು ಅವರಿಗೆ ಇಷ್ಟ. ಅವರ ಬೂದುಬಣ್ಣದ ಬೆಕ್ಕಿನ ಹೆಸರು ಟ್ರಂಕಾಲ್. ಹಿಂದಿನ ಕಾಲದ ದೂರದೂರಿನ ಫೋನ್ ಕರೆಯ ಹಾಗೆ, ಕರೆದರೆ ಬಹಳ ಹೊತ್ತಿನ ಮೇಲೆ ಬರುತ್ತದೆ, ಅದಕ್ಕೆ.

"ನೀವಾದ್ರೂ ನಂಬ್ತೀರಾ ಅಮ್ಮಾವ್ರೇ?" ಎಂದು ಚೌಡಮ್ಮ ಚೀಲವನ್ನು ನೆಲಕ್ಕೆ ಕುಕ್ಕಿದಳು. ನಾನು ಅರ್ಧ ಹೊರಗೆ ಬಿದ್ದೆ. ಟ್ರಂಕಾಲ್ ಬಂದು ನನ್ನ ಮೇಲೆ ಕೂತಿತು. ಮುಂಗಾಲಿನಿಂದ ಹಿಟ್ಟು ನಾದುವ ಹಾಗೆ ನಾದಿತು. ಉಗುರು ಸಿಕ್ಕಿಕೊಂಡಿತು. ಕೊಡವಿತು. ಅಂಗಡಿಯಿಂದ ಬಂದಂದಿನಿಂದ ಯಾರೂ ಪೂರ್ತಿ ಬಿಚ್ಚದ ಮಡಿಕೆ ಬಿಚ್ಚಿಕೊಂಡಿತು.

ಮೂಗುಬಟ್ಟು ಹೊಳೆಯಿತು.

ಚೌಡಮ್ಮ ಗೋಡೆ ಹಿಡಿದು ಕೂತಳು. "ಅಮ್ಮಾವ್ರೇ, ನಮ್ಮಪ್ಪನಾಣೆ, ಇದು ನಂಗೊತ್ತಿಲ್ಲ. ಇನ್ನು ನನ್ನ ಯಾರು ನಂಬ್ತಾರೆ? ನನ್ನ ಚೀಲದಲ್ಲೇ ಸಿಕ್ತಲ್ಲ."

ಎಲ್ಲರೂ ಹುಡುಕುತ್ತಿದ್ದ ಒಡವೆ ಸಿಕ್ಕಿತ್ತು. ಸಿಕ್ಕಿದ್ದಕ್ಕೆ ಅಳುವುದೇಕೆ? ನನಗೆ ತಲೆಬುಡ ತಿಳಿಯಲಿಲ್ಲ. ಪದ್ಮಾಸನಿ ಕನ್ನಡಕ ಹಾಕಿಕೊಂಡು ತಿರುಪನ್ನು ನೋಡಿದರು, ಮುಟ್ಟಲಿಲ್ಲ.

"ಕದ್ದೋಳು ಹೀಗೆ ತಿರುಪು ಹಾಕಿ ಇಡಲ್ಲ ಚೌಡಮ್ಮ. ಈ ಕಣ ಕೊಟ್ಟೋರು ಯಾರು?"

"ಕಾತ್ಯಾಯಿನಮ್ಮೋರು."

ಪದ್ಮಾಸನಿ ನನ್ನನ್ನು ಒಯ್ದು ತೋರಿಸಿದಾಗ ಕಾತ್ಯಾಯಿನಿ ತಮ್ಮ ಮನೆ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು. "ನಾನು ಕೊಟ್ಟಿದ್ದು ಕೆಂಪು ಕಣ ಪದ್ಮಕ್ಕ. ಇದನ್ನ ನೋಡೇ ಇಲ್ಲ," ಎಂದರು. ಅಂಗಡಿಯಲ್ಲಿ ನನ್ನನ್ನು ಬೆಳಕಿಗೆ ಹಿಡಿದು ಆರಿಸಿದ ಅದೇ ಕಣ್ಣುಗಳು. ನಾನು ನಾನಲ್ಲವೇನೋ ಎಂದು ನನಗೇ ಅನುಮಾನ ಬಂತು.

"ಸರಿ. ಅದನ್ನೇ ಅಂಬುಜಾಕ್ಷಮ್ಮನ ಮುಂದೆ ಹೇಳು, ನಡಿ," ಎಂದರು ಪದ್ಮಾಸನಿ.

ಅಂಬುಜಾಕ್ಷಮ್ಮನವರ ಜಗಲಿಯ ಮೇಲೆ ನನ್ನನ್ನು ಹರಡಿದರು. ಟ್ರಂಕಾಲ್ ಹಿಂದೆಯೇ ಬಂದು ಕಂಬಕ್ಕೆ ಬೆನ್ನುಜ್ಜಿತು.

"ನಾನು ಹೇಳಲಿಲ್ವಾ? ಅವಳ ಹತ್ರಾನೇ ಸಿಕ್ತು ನೋಡಿ," ಎಂದು ಶುರುಮಾಡಿದ ಅಂಬುಜಾಕ್ಷಮ್ಮ, ಬಟ್ಟೆಗೆ ಬಿಗಿದ ತಿರುಪನ್ನು ಕಂಡು ಅಲ್ಲಿಗೇ ನಿಲ್ಲಿಸಿದರು. ಅವರ ಕೈ ತಾನಾಗಿ ಮೂಗಿಗೆ ಹೋಯಿತು.

"ಈ ಕಣ ಯಾರ ಮನೇದು?" ಎಂದು ಪದ್ಮಾಸನಿ ಕೇಳಿದರು.

ಪದ್ಮಾಸನಿ ಮತ್ತೆ ಕೇಳಲಿಲ್ಲ. ಲೈನಿನಲ್ಲಿ ಜನ ಸುಮ್ಮನಾದಾಗ ಕಾಯುವ ಅಭ್ಯಾಸ ಅವರಿಗಿತ್ತು. ನನ್ನನ್ನು ಬಲ್ಲವರು ಇಬ್ಬರೂ ಅಲ್ಲೇ ಇದ್ದರು. ಬಾಯಿಬಿಟ್ಟರೆ ಒಬ್ಬರು ತಮಗೆ ಬಂದ ಉಡುಗೊರೆಯನ್ನು ಅದನ್ನು ಕೊಟ್ಟವರಿಗೇ ದಾಟಿಸಿದ್ದು, ಇನ್ನೊಬ್ಬರು ದೊಡ್ಡ ಮನೆಯ ಬಾಗಿನವನ್ನು ಕೆಲಸದವಳಿಗೆ ಕೊಟ್ಟದ್ದು ಬಯಲಾಗುತ್ತಿತ್ತು. ಸುಮ್ಮನಿದ್ದರೆ ಚೌಡಮ್ಮ ಕಳ್ಳಿ. ಅಂಗಳದಲ್ಲಿ ನಿಂತ ಚೌಡಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಇಷ್ಟು ಸಣ್ಣ ಮಾತಿನ ತೂಕ ಇಷ್ಟೊಂದು ಏಕೆ ಎಂದು ನನಗೆ ಈಗಲೂ ಅರ್ಥವಾಗಿಲ್ಲ.

"ನನ್ನದು," ಎಂದರು ಕಾತ್ಯಾಯಿನಿ, ನೆಲ ನೋಡುತ್ತ. "ನಾನು ಕೊಂಡು ನಿಮಗೆ ಕೊಟ್ಟಿದ್ದೆ ಅಕ್ಕ. ಗೌರಿ ದಿನ ನೀವೇ ನನಗೆ ವಾಪಸ್ ಕೊಟ್ರಿ. ಬೇಜಾರಾಯ್ತು. ಇವಳಿಗೆ ಕೊಟ್ಟೆ."

ಅಂಬುಜಾಕ್ಷಮ್ಮ ಬಗ್ಗಿ ತಿರುಪು ಬಿಚ್ಚಿದರು. ಬಿಚ್ಚುವಾಗ ಅವರ ಬೆರಳಿಗೆ ಎಲ್ಲ ನೆನಪಾಗಿರಬೇಕು. ಒಳಗೆ ಹೋಗಿ ಹೊಸ ಸೀರೆಯೊಂದನ್ನು ತಂದು ನೀಡಿದರು. ಚೌಡಮ್ಮ ಕೈ ಚಾಚಲಿಲ್ಲ.

"ಸೀರೆ ಬ್ಯಾಡ ಕಣಮ್ಮ. ಅವತ್ತು ನಲ್ಲಿ ಹತ್ರ ಅಂದ್ರಲ್ಲ, ಅಲ್ಲೇ ಬಂದು ಹೇಳಿ."

"ಅಷ್ಟು ಜನರ ಮುಂದೆ..."

"ಅವತ್ತೂ ಅಷ್ಟೇ ಜನ ಇದ್ರು."

ನೀರು ಬಿಡುವ ಹೊತ್ತಾಗಿತ್ತು. ಅಂಬುಜಾಕ್ಷಮ್ಮ ಸೆರಗು ಹೊದ್ದು ಮೆಟ್ಟಿಲಿಳಿದರು. ಪದ್ಮಾಸನಿಯವರ ಕಂಕುಳಲ್ಲಿ ನಾನಿದ್ದೆ. ಬಿಂದಿಗೆ ತುಂಬುತ್ತಿತ್ತು, ಯಾರೂ ಸರಿಸಲಿಲ್ಲ, ನೀರು ಹೊರಗೆ ಚೆಲ್ಲಿತು. "ನಾನೇ ಇಟ್ಟು ನಾನೇ ಮರೆತಿದ್ದೆ. ಚೌಡಮ್ಮನದೇನೂ ತಪ್ಪಿಲ್ಲ," ಎಂದರು ಅಂಬುಜಾಕ್ಷಮ್ಮ. ಬೈದಾಗಿನಷ್ಟು ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಚೌಡಮ್ಮ ಉಳಿದ ಮನೆಗಳಿಗೆ ಮತ್ತೆ ಹೋದಳು, ಆ ಒಂದು ಮನೆಗೆ ಹೋಗಲಿಲ್ಲ. ಪದ್ಮಾಸನಿ ನನ್ನನ್ನು ಅವಳಿಗೆ ನೀಡಿದಾಗ ನನ್ನನ್ನೇ ನೋಡಿದಳು.

"ಇದನ್ನ ಹೊಲಿಸಿ ತೊಟ್ರೆ ಮೈಯೆಲ್ಲ ಚುಚ್ಚುತ್ತೆ ಅಮ್ಮಾವ್ರೇ. ನಿಮ್ಮ ಬೆಕ್ಕಿಗೇ ಇರಲಿ."

ಈಗ ನಾನು ಪದ್ಮಾಸನಿಯವರ ಕಿಟಕಿಯ ಕೆಳಗೆ, ಹಳೆಯ ಬುಟ್ಟಿಯಲ್ಲಿ ಇದ್ದೇನೆ. ಬಣ್ಣ ಮಾಸಿದೆ, ಅಂಚು ಹರಿದಿದೆ, ಮೈತುಂಬ ಕೂದಲು. ರವಿಕೆಯಾಗಲಿಲ್ಲ. ಉಡುಗೊರೆಯಾಗಿದ್ದೆನೋ, ಅವಮಾನವಾಗಿದ್ದೆನೋ, ಸಾಕ್ಷಿಯಾಗಿದ್ದೆನೋ, ಹೇಳಲಾರೆ. ಒಂದೇ ಬಟ್ಟೆ ಇದೆಲ್ಲವೂ ಹೇಗಾಗುತ್ತದೆ ಎಂದು ಬಿಸಿಲು ಬಂದಾಗಲೆಲ್ಲ ಯೋಚಿಸುತ್ತೇನೆ. ಅಷ್ಟರಲ್ಲಿ ಟ್ರಂಕಾಲ್ ಬಂದು ನಾದಿ, ಸುತ್ತು ಹಾಕಿ, ಮಲಗುತ್ತದೆ. ಇದು ಮಾತ್ರ ನನ್ನನ್ನು ಯಾರಿಗೂ ಕೊಡುವುದಿಲ್ಲ.