ಬೆಲ್ಲ ಇಳಿಯದ ದಾರಿ

ಒಂದಾನೊಂದು ಊರು, ಆ ಊರಿಗೆ ಹೆಬ್ಬಾಗಿಲು ಒಂದೇ, ಒಳಗೆ ಹೋದರೆ ಮಾತ್ರ ದಾರಿ ಎರಡು, ಒಂದು ಅನ್ನ ಹೊತ್ತು ಬಂದವರಿಗೆ, ಇನ್ನೊಂದು ಬರಿಗೈಯಲ್ಲಿ ಬರುವ ಗಾಳಿರಾಯನಿಗೆ, ನಡುವೆ ಒಬ್ಬ ಕಾವಲುಗಾರ — ಓಬಳಮ್ಮಜ್ಜಿ ಹೀಗೆ ಶುರುಮಾಡುತ್ತಿದ್ದಳಲ್ಲವೇ, ಅಥವಾ ಇದು ಡಾಕ್ಟರು ಗೋಡೆಯ ಮೇಲಿನ ಗಂಟಲು-ಎದೆಯ ಪಟದಲ್ಲಿ ತೋರಿಸಿದ್ದೋ, ಕದಿರಮ್ಮನಿಗೆ ಎರಡೂ ಕಲಸಿಹೋಗಿವೆ, ಮಾರಿಕುಪ್ಪಂನಲ್ಲಿ ರೈಲು ಹತ್ತಿದಾಗಿನಿಂದ ಇಂಜಿನ್ನಿನ ಹೊಗೆ ಕಿಟಕಿಯಲ್ಲಿ ನುಗ್ಗುತ್ತಿದೆ, ಎದುರಿಗೆ ಅಪ್ಪ ಕೋದಂಡಪ್ಪ ಕೆಮ್ಮುತ್ತಾನೆ, ಕೆಮ್ಮಿ ಮುಗಿದ ಮೇಲೆ ಹೆಗಲೆರಡನ್ನೂ ಎತ್ತಿ ಉಸಿರನ್ನು ಬಾವಿಯಿಂದ ಸೇದಿದಂತೆ ಸೇದುತ್ತಾನೆ, ಹಗ್ಗ ಎಲ್ಲಿ ಕಿತ್ತುಹೋಗುತ್ತದೋ ಎಂದು ಅವಳು ತನ್ನ ಉಸಿರು ಹಿಡಿಯುತ್ತಾಳೆ. ಹೇಳಬೇಕು. ಬಂಗಾರಪೇಟೆ ಬರುವುದರೊಳಗೆ ಹೇಳಿಬಿಡಬೇಕು, ಡಾಕ್ಟರಿಗೆ ಮಾತು ಕೊಟ್ಟಾಗಿದೆ, ನೋಡಮ್ಮ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿದೆ, ಇನ್ನೂ ಗಣಿಗೆ ಇಳಿದರೆ ಉಳಿಯೋದು ಕಷ್ಟ, ನಾನು ಹೇಳಿದರೆ ನಿಮ್ಮಪ್ಪ ನಗುತ್ತಾರೆ, ಬೆಲ್ಲ ತಿಂತೀನಿ ಸಾರ್ ಅನ್ನುತ್ತಾರೆ, ನೀನಾದರೂ ಹೇಳು.

ಬೆಲ್ಲ — ಷಿಫ್ಟು ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲೇ ಒಂದು ಉಂಡೆ ಬಾಯಿಗೆ, ಎದೇಲಿರೋ ಧೂಳೆಲ್ಲ ಅಂಟುಸ್ಕೊಂಡು ಒಟ್ಟೇಗೆ ಎಳ್ಕೊಂಡೋಯ್ತದೆ ಕಣ್ಲಾ ಮಗನೇ, ಎಂದು ಕಲಿಸಿದವಳು ಓಬಳಮ್ಮಜ್ಜಿಯೇ, ಈಗ ಬಂಗಾರಪೇಟೆಗೆ ಹೋಗುತ್ತಿರುವುದೂ ಅವಳು ತೆಗೆದಿಟ್ಟ ಆಲೆಮನೆಯ ಹೊಸ ಬೆಲ್ಲ ತರಲಿಕ್ಕೇ, ಅಜ್ಜಿಯ ಜಗಲಿ ಹತ್ತಿದ ಮೇಲೆ ಅವಳೆದುರು ಬಾಯಿ ಬರುವುದುಂಟೇ, ಅಜ್ಜಿಯ ಕಥೆ ಸುಳ್ಳು ಎನ್ನುವುದುಂಟೇ, ಸೋಮವಾರ ಅಪ್ಪ ಮತ್ತೆ ಗಣಿಗಿಳಿಸುವ ಕಬ್ಬಿಣದ ಕೇಜು ಹತ್ತಿ ಕತ್ತಲೆಗೆ ಇಳಿಯುತ್ತಾನೆ. ಪಟದಲ್ಲಿ ಗಾಳಿಯ ಕೊಳವೆಗೆ ಬಳೆ ಬಳೆಯಾಗಿ ಮೆತ್ತನೆ ಎಲುಬು, ಕುಸಿಯದ ಹಾಗೆ ಗಣಿಯೊಳಗೆ ಮರದ ಆಸರೆ ಕೊಡುತ್ತಾರಲ್ಲ ಹಾಗೆ, ಕೆಳಗೆ ಅದು ಎರಡಾಗಿ ಒಡೆಯುತ್ತದೆ, ಎರಡು ನಾಲ್ಕಾಗಿ, ಕವಲು ಕವಲಾಗಿ, ಕೂದಲಿನಷ್ಟು ಸಣ್ಣದಾಗಿ, ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂಥ ಚೀಲಗಳು, ಈರುಳ್ಳಿ ಪೊರೆಗಿಂತ ತೆಳು, ಅಲ್ಲೇ ಗಾಳಿ ನೆತ್ತರಿಗೆ ದಾಟುವುದು, ಅಲ್ಲೇ ಧೂಳು, ಹೋದದ್ದು ಬರುವುದಿಲ್ಲ, ಅಪ್ಪನ ಎದೆಯೊಳಗೂ ಯಾರೋ ಗಣಿ ತೋಡಿ ಈಗ ಒಂದೊಂದೇ ಸುರಂಗ ಮುಚ್ಚಿಕೊಂಡು ಮೇಲಕ್ಕೆ ಬರುತ್ತಿದ್ದಾರೆ, ಅಯ್ಯೋ ಎಲ್ಲಿಯವರೆಗೆ ಬಂದಿದ್ದಾರೋ, ಗಂಟಲವರೆಗೋ.

ಕೋರಮಂಡಲ್ ಸ್ಟೇಷನ್ ದಾಟಿತು. ಅಪ್ಪನ ಜೊತೆಯಲ್ಲೇ ಬಂಡೆ ಕೊರೆಯುವ ಪೆರುಮಾಳ್ ಮಾಮ ಪಕ್ಕದಲ್ಲಿ ಕೂತು ನಗಿಸುತ್ತಿದ್ದಾನೆ, ಏನ್ ಕೋದಂಡಣ್ಣ, ಎದೆ ಫೋಟೋ ತೆಗುದ್ರಂತಲ್ಲ, ಒಳಗೆ ಬಂಗಾರ ಬಚ್ಚಿಟ್ಟಿದ್ದು ಸಿಕ್ತಾ, ಗೇಟಲ್ಲಿ ಜೇಬು ತಡ್ಕೋ ವಾಚ್‌ಮನ್ನು ಇನ್ಮೇಲೆ ಎದೇನೂ ಬಿಚ್ಚಿಸ್ತಾನೆ ನೋಡು, ಅಪ್ಪ ನಗಲು ಹೋಗಿ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ತುಟಿ ನೇರಳೆಯಾಯಿತು, ಕತ್ತಿನ ಗುಳಿ ಒಳಕ್ಕೆ ಜಗ್ಗಿ ಜಗ್ಗಿ — ಕಿಟಕಿಯಾಚೆ ಬಂಗಾರಪೇಟೆಯ ಸಿಗ್ನಲ್ ಕಂಬ, ಈಗ, ಈಗಲೇ, ಅಜ್ಜೀ ಕ್ಷಮಿಸು. ಅಪ್ಪಾ, ಬೆಲ್ಲ ಓಗೋ ದಾರಿ ಬೇರೆ, ಧೂಳು ಓಗೋ ದಾರಿ ಬೇರೆ, ಬೆಲ್ಲ ಎದೇಗೆ ಇಳಿಯಾಕೇ ಇಲ್ಲ, ಒಂದು ಚೂರೂ ಇಳುದಿಲ್ಲ, ಧೂಳೆಲ್ಲ ಅಲ್ಲೇ ಅದೆ, ನೀನಿನ್ನು ಒಳಕ್ಕಿಳುದ್ರೆ ಸತ್ತೋಯ್ತೀಯಂತೆ.

ಹೇಳಿಯಾಯಿತು, ಅಷ್ಟೂ ಹೇಳಿಯಾಯಿತು, ಕೆಮ್ಮು ತಗ್ಗಿದ ಮೇಲೆ ಅಪ್ಪ ಸಿಟ್ಟಾಗುತ್ತಾನೆ, ಇಲ್ಲ, ಅಳುತ್ತಾನೆ, ಅದೂ ಇಲ್ಲ, ಎಲ್ಲೇ ಎರಡು ದಾರಿ, ನೋಡಿ ತೋರ್ಸು ಮತ್ತೆ, ಎಂದು ಮುಂದಕ್ಕೆ ಬಾಗಿ ಬೆಳಕಿಗೆ ಬಾಯಿ ತೆರೆದ, ಅವಳು ನೋಡಿದಳು, ನಾಲಗೆಯ ಹಿಂದೆ ಕೆಂಪು, ಕೆಂಪಿನ ಹಿಂದೆ ಕಪ್ಪು, ದಾರಿ ಒಂದೋ ಎರಡೋ ಕಾಣುವುದಿಲ್ಲ, ಆಳ ಮಾತ್ರ, ಕೇಜು ಇಳಿದುಹೋದ ಮೇಲೆ ಉಳಿಯುವಂಥ ಆಳ, ಅದರೊಳಗಿಂದ ಬಿಸಿ ಗಾಳಿ ಅವಳ ಮುಖಕ್ಕೆ, ತಲೆ ತಿರುಗಿಸಿದರೆ ಪೆರುಮಾಳ್ ಮಾಮ, ಅವನೂ ಷಿಫ್ಟು ಮುಗಿದರೆ ಬೆಲ್ಲ ತಿನ್ನುವವನೇ, ಈಗ ನಗುತ್ತಿಲ್ಲ, ಅವಳ ಕಡೆಗೇ ಕತ್ತು ಚಾಚಿ, ತನ್ನ ಸರದಿಗೆಂದು, ತೆರೆದ ಬಾಯಿ.