ಎರಡನೇ ಜಾಗದ ಕ್ರಿಯಾಪದ

ನನಗೊಂದು ಸಣ್ಣ ಚಿಂತೆಯಿದೆ, ಯಾರಿಗೂ ಹೇಳಿಲ್ಲ. ನನ್ನ ಮಾತಿಗೆ ಕ್ರಿಯಾಪದ ಬರುವಷ್ಟರಲ್ಲಿ ಎದುರಿನವರು ತಮ್ಮದೊಂದನ್ನು ಹಾಕಿ ಮುಗಿಸಿಬಿಡುತ್ತಾರೆ. ಕನ್ನಡದಲ್ಲಿ ಹೌದೋ ಅಲ್ಲವೋ ಎಂದು ತಿಳಿಯುವುದು ವಾಕ್ಯದ ಬಾಲದಲ್ಲಿ. ನಾನು ಮಾತಿನಲ್ಲಿ ನಿಧಾನ. ಬಾಲದ ತನಕ ಹೋಗಲು ನನ್ನನ್ನು ಯಾರೂ ಬಿಡುವುದಿಲ್ಲ. ಡೈರಿಯಲ್ಲಿ ಮಾತ್ರ ನನ್ನ ವಾಕ್ಯ ನಾನೇ ಮುಗಿಸುತ್ತೇನೆ.

ಇವತ್ತು ಬೆಳಿಗ್ಗೆ ಚಿಕ್ಕಪ್ಪನ ಮನೆಯಲ್ಲಿ ತಿಂಡಿಯ ಹೊತ್ತಿಗೂ ಅದೇ ಆಯಿತು.

"ಚಿಕ್ಕಪ್ಪ, ಆ ಹಣ್ಣು ಬೆರೆಸಿದ್ದನ್ನ ನಾನು..."

"ನೋಡಿಲ್ಲ," ಎಂದರು ರಘುಪತಿ ಚಿಕ್ಕಪ್ಪ, ದೋಸೆ ಮುರಿಯುತ್ತ. "ನೀ ಏನೂ ನೋಡಿಲ್ಲ. ಮುಗೀತಲ್ಲ."

ನಾನು ನೋಡಿದ್ದೆ.

ಚಿಕ್ಕಪ್ಪ ಶಿರಾಳಕೊಪ್ಪದಲ್ಲಿ ಬೀಜದ ಏಜೆಂಟ್. ಹಾಲೆಂಡಿನ ಒಂದು ಕಂಪನಿಗೆ, ಬಲೆ ಹೊದಿಸಿದ ನೆಟ್‌ಹೌಸಿನಲ್ಲಿ ಹೈಬ್ರಿಡ್ ಟೊಮ್ಯಾಟೊ ಬೀಜ ಬೆಳೆಸಿಕೊಡುತ್ತಾರೆ. ಕ್ರಾಸಿಂಗ್ ಕೆಲಸಕ್ಕೆ ಈಸೂರಿನ ಲೋಕಮ್ಮನ ಗುಂಪು ಬರುತ್ತದೆ. ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಗುರುತಿಗೆಂದು ತೊಟ್ಟಿನ ಬಳಿಯ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ. ಎಸಳು ಕತ್ತರಿಸದ ಹಣ್ಣು ತಾನಾಗಿಯೇ ಕಟ್ಟಿದ್ದು, ಬೀಜಕ್ಕೆ ಬಾರದು. ಕೊನೆಯ ಕೊಯ್ಲಿನಲ್ಲಿ ಹಣ್ಣು ಕಡಿಮೆ ಬಿತ್ತು. ನಾನು ಚಹಾದ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದೆ.

"ಸಾವ್ಕಾರ್ರೆ, ಇವು ನಾವು ಕ್ರಾಸ್ ಮಾಡಿದ್ದಲ್ಲ," ಎಂದಿದ್ದಳು ಲೋಕಮ್ಮ.

"ಹಣ್ಣಿನ ಹೊಟ್ಟೆ ಒಳಗೆ ಬಗ್ಗಿ ನೋಡೋರು ಯಾರು? ಎಲ್ಲಾ ಒಂದೇ ಬುಟ್ಟಿಗೆ ಹಾಕು," ಎಂದಿದ್ದರು ಚಿಕ್ಕಪ್ಪ.

ಈಗ ಆ ಬೀಜ ಕಂಪನಿಯ ಪರೀಕ್ಷೆಯಲ್ಲಿ ನಪಾಸಾಗಿತ್ತು. ವಿಚಾರಿಸಲು ಹಾಲೆಂಡಿನಿಂದಲೇ ಮರೈಕೆ ಎಂಬ ಹೆಂಗಸು ಬಂದಿದ್ದಳು. ತಪ್ಪೆಲ್ಲ ಲೋಕಮ್ಮನ ಗುಂಪಿನದು ಎಂದಾಗಿಬಿಟ್ಟರೆ, ಆ ಹೆಂಗಸರನ್ನು ಈ ಸುತ್ತಿನ ಯಾವ ನೆಟ್‌ಹೌಸಿನ ಬಾಗಿಲಿಗೂ ಸೇರಿಸುವುದಿಲ್ಲ. ತಪ್ಪು ಅವರದೆಂದು ಮರೈಕೆಗೆ ಅವಳ ಡಚ್ ಭಾಷೆಯಲ್ಲಿ ಹೇಳಬೇಕಾದವಳು ನಾನು.

ಎಂ.ಎ. ಮುಗಿಸಿ ನಮ್ಮೂರು ಹೊಸಬಾಳೆಯ ಮನೆಯಲ್ಲಿ ಕೂತಿದ್ದಾಗ ಫೋನಿನಲ್ಲಿ ಡಚ್ ಕಲಿತೆ. "ಕಲ್ತು ಯಾರ ಹತ್ರ ಮಾತಾಡ್ತೆ ಮಾರಾಯ್ತಿ, ಕೊಟ್ಟಿಗೆ ಎಮ್ಮೆ ಹತ್ರವಾ?" ಎಂದು ಅಣ್ಣ ನಿರಂಜನ ಆಡಿಕೊಳ್ಳುತ್ತಿದ್ದ. ನನ್ನನ್ನು ಹಿಡಿದಿಟ್ಟದ್ದು ಒಂದೇ ಒಂದು ನಿಯಮ. ಆ ಭಾಷೆಯಲ್ಲಿ ವಾಕ್ಯವನ್ನು "ನಿನ್ನೆ" ಎಂದು ಶುರುಮಾಡಿ, "ಮನೆಯಲ್ಲಿ" ಎಂದು ಶುರುಮಾಡಿ, ಕ್ರಿಯಾಪದ ಎರಡನೇ ಜಾಗದಲ್ಲೇ ಬಂದು ನಿಲ್ಲಬೇಕು. ಅಡಗಲು ಸಂದಿಯಿಲ್ಲ. ಆದರೆ "ಎಂದು", "ಏಕೆಂದರೆ" ಎನ್ನುವಂಥ ಪುಟ್ಟ ಪದವೊಂದು ಮುಂದೆ ಬಂದರೆ ಕ್ರಿಯಾಪದ ನಮ್ಮದರಂತೆಯೇ ಕೊನೆಗೆ ಸರಿಯುತ್ತದೆ. ನನಗೆ ಆ ಪುಟ್ಟ ಪದಗಳ ಮೇಲೇ ಪ್ರೀತಿ ಜಾಸ್ತಿ.

ನನಗೆ ಡಚ್ ಬರುವುದು ಚಿಕ್ಕಪ್ಪನಿಗೆ ಈಗ ನೆನಪಾಗಿತ್ತು. "ಇಂಗ್ಲಿಷ್ ಯಾರಿಗಾದ್ರೂ ಬರ್ತದೆ. ನಮ್ಮ ಶ್ರೀರಂಜಿನಿ ಅವ್ರದೇ ಭಾಷೇಲಿ ಹೇಳ್ಲಿ. ಕಂಪ್ನಿಯವ್ರು ತಣ್ಣಗಾಗ್ತಾರೆ."

ನೆಟ್‌ಹೌಸಿನ ಒಳಗೆ ಮರೈಕೆ ಟೋಪಿ ತೆಗೆದು, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಳು. ಹೆಂಗಸರು ಬಾಗಿಲ ಬಳಿ ನಿಂತಿದ್ದರು. ಲೋಕಮ್ಮ ಹತ್ತಿರ ಬಂದು, "ತಂಗಿ, ನಮ್ ಕೂಲಿ ಈಗ ನಿನ್ ನಾಲಿಗಿ ಮ್ಯಾಲೈತಿ ನೋಡು," ಎಂದಳು.

"ನೀ ಆಚೆ ಹೋಗೇ," ಎಂದರು ಚಿಕ್ಕಪ್ಪ. ನನ್ನ ಕಡೆ ತಿರುಗಿ, "ಹೂಂ, ಹೇಳು. ಈ ಹೆಂಗಸ್ರು ಸೋಮಾರಿಗಳು. ಕಣ್ತಪ್ಪಿಸಿ ಹಣ್ಣು ಬೆರೆಸಿದ್ರು. ಇವ್ರನ್ನ ಬಿಡಿಸ್ತೀನಿ ಅನ್ನು."

"ಮೈನ್ ಓಮ್ ಜೆಖ್ಟ್ ದಾತ್ ದ ವ್ರೌವನ್..." ಎಂದೆ. ಈ ಹೆಂಗಸರು ಹೀಗೆ ಎಂದು ನನ್ನ ಚಿಕ್ಕಪ್ಪ ಹೇಳುತ್ತಾರೆ. "ದಾತ್", ಅಂದರೆ "ಎಂದು", ಬಂದಿತ್ತು, ಇನ್ನು ಕ್ರಿಯಾಪದದ ಜಾಗ ಕೊನೆಗೆ. ಆ ಜಾಗ ಖಾಲಿಯಿತ್ತು. ಮರೈಕೆ ಕಾದಳು. ಚಿಕ್ಕಪ್ಪ ಅಭ್ಯಾಸದಂತೆ ಬಾಯಿ ತೆರೆದರು, ಹಾಕಲು ಪದ ಗೊತ್ತಿರಲಿಲ್ಲ.

"ಸೋಮಾರಿ ಅನ್ನಕ್ಕೆ ಅವ್ರಲ್ಲಿ ಶಬ್ದ ಇಲ್ವನೇ?"

ಇತ್ತು. ನನಗೆ ಬರುತ್ತಿತ್ತು. ಚಿಕ್ಕದು, ಉಸಿರಿನಷ್ಟು. ಅದನ್ನು ಹಾಕಿ ಮನೆಗೆ ಹೋಗಿ ಊಟ ಮಾಡಬಹುದಿತ್ತು.

ವಾಕ್ಯವನ್ನು ಅಲ್ಲಿಗೇ ಬಿಟ್ಟೆ. "ಎಂದು" ಇಲ್ಲದ, ಚಿಕ್ಕಪ್ಪನ ಬೆನ್ನ ಹಿಂದೆ ನಿಲ್ಲದ ಇನ್ನೊಂದನ್ನು ಎತ್ತಿಕೊಂಡೆ.

"ದ ವ್ರೌವನ್ ಹೆಬ್ಬನ್ ಖೂತ್ ಖವೆರ್ಕ್ತ್." ಹೆಂಗಸರು ಚೆನ್ನಾಗಿ ಕೆಲಸ ಮಾಡಿದ್ದಾರೆ. ಕ್ರಿಯಾಪದದ ಒಂದು ತುಂಡು ಎರಡನೇ ಜಾಗದಲ್ಲಿ, ಉಳಿದದ್ದು ಕೊನೆಯಲ್ಲಿ. ಪಾಠದಲ್ಲಿ ಸದಾ ತಪ್ಪುತ್ತಿದ್ದದ್ದು ಇವತ್ತು ಸರಿಯಾಗಿ ಬಂತು. ಆಮೇಲಿನದೆಲ್ಲ ಕೆಟ್ಟ ವ್ಯಾಕರಣ. ಗಿಡದಲ್ಲಿ ಉಳಿದಿದ್ದ ಒಂದು ಹಣ್ಣು ಕಿತ್ತು ಕತ್ತರಿಸಿದ ಎಸಳು ತೋರಿಸಿದೆ. ಕೊನೆಯ ಕೊಯ್ಲಿನಲ್ಲಿ ಇಂಥವೂ ಅಲ್ಲದವೂ ಒಂದೇ ಬುಟ್ಟಿಗೆ ಹೋದವು ಎಂದೆ. ಮರೈಕೆ ನನ್ನ ತಪ್ಪು ತಿದ್ದಲಿಲ್ಲ. ಹಾಗೆ ಮಾಡಲು ಹೇಳಿದ್ದು ಯಾರು ಎಂದು ಕೇಳಿದಳು.

"ಮೈನ್ ಓಮ್," ಎಂದೆ. ನನ್ನ ಚಿಕ್ಕಪ್ಪ.

ಮರೈಕೆ ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿದಳು. ಅವರ ಮುಖದ ನಗು ನಿಂತಿತು.

"ಓಮ್ ಅಂದ್ರೆ ನಾನಲ್ವ? ಏನಂದೆ ಅವ್ಳಿಗೆ?"

ನಿಮ್ಮನ್ನು ಹೊಗಳಿದೆ ಎಂದಿದ್ದರೆ ನಂಬುತ್ತಿದ್ದರು. ಡಚ್‌ನಲ್ಲಿ ಹೇಳಿದ್ದು ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಲೋಕಮ್ಮನಿಗೂ ತಿಳಿದಿರಲಿಲ್ಲ. ಹಣ್ಣನ್ನು ಮರೈಕೆಯ ಕೈಗಿಟ್ಟು ಚಿಕ್ಕಪ್ಪನ ಕಡೆ ತಿರುಗಿದೆ.

"ನಾನು ಅವ್ರಿಗೆ..." ಎಂದೆ.

"ಸುಮ್ನೆ ಏನೋ ಅಂದೆ, ಅಲ್ವ," ಎಂದರು ಚಿಕ್ಕಪ್ಪ.

"ಅಲ್ಲ. ಹೇಳಿದ್ದು ನೀವು, ಚಿಕ್ಕಪ್ಪ. ಎಲ್ಲಾ ಹಣ್ಣು ಒಂದೇ ಬುಟ್ಟಿಗೆ ಹಾಕು ಅಂತ ಲೋಕಮ್ಮಂಗೆ ಹೇಳಿದ್ದು ನೀವು."