ಬಕ್ಕೇಶಪ್ಪನ ತೂಕ, ಹರಿಹರದ ಬೆಲ್ಲ

ಆನೆಕೊಂಡದ ಬಕ್ಕೇಶಪ್ಪ ಮೂವತ್ತು ವರ್ಷ ಒಣಮೆಣಸಿನಕಾಯಿ ವ್ಯಾಪಾರ ಮಾಡಿದವನು. ಅವನ ಎರಡೂ ಶ್ವಾಸಕೋಶ ಗಟ್ಟಿಯಾಗಿ ಕೂತುಬಿಟ್ಟಿದ್ದವು. ಮೆಣಸಿನ ಘಾಟಿನಿಂದಲೇ ಆಯಿತೋ, ಹಣೆಬರಹವೋ, ಡಾಕ್ಟರಿಗೇ ಗೊತ್ತಿಲ್ಲ. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಹೊಸದಾಗಿ ಮದುವೆಯಾದ ಹೆಂಡತಿಯೂ ಹಾಗೆ ಬೆನ್ನು ಹತ್ತಿರುವುದಿಲ್ಲ.

ಬೇರೆಯವರ ಶ್ವಾಸಕೋಶ ಹಾಕಿಸಿದರೆ ಬದುಕುತ್ತಾನೆ ಎಂದಾಯಿತು. ಆದರೆ ಆಸ್ಪತ್ರೆಯ ಪಟ್ಟಿಗೆ ಹೆಸರು ಹೋಗಬೇಕಾದರೆ ತೂಕ ಎಂಬತ್ತರ ಒಳಗೆ ಬರಬೇಕು. ಬಕ್ಕೇಶಪ್ಪ ತೊಂಬತ್ತನಾಲ್ಕು ಕೆಜಿ ಇದ್ದ. ಎತ್ತರ ಮಾತ್ರ ಬಾಗಿಲ ಚಿಲಕದಷ್ಟು.

"ಹದಿನಾಲ್ಕು ಕೆಜಿಗೆ ಯಾಕ್ರೀ ಇಷ್ಟು ರಂಪ?" ಎಂದು ಕೇಳಿದ.

ಡಾಕ್ಟರ್ ವಾಣಿ ಎಳೆ ಹುಡುಗಿ, ಆದರೆ ಬಾಯಿ ಜೋರು. "ಅಪ್ಪಾರೆ, ಕೊಬ್ಬು ಮೈಯಾಗೆ ಸುಮ್ನೆ ಮಲಗಿರಲ್ಲ. ರೋಗ ಬಂದ್ರೆ ಹೊಡೆಯೋ ಕಾವಲುಗಾರ್ರನ್ನ ದಿನಾ ಕೆಣಕ್ತಿರ್ತದೆ. ಅವ್ರು ನಿಜವಾದ ರೋಗ ಬಂದಾಗ ಸರಿಯಾಗಿ ಕೆಲಸ ಮಾಡಲ್ಲ. ಹೊಸ ಶ್ವಾಸಕೋಶ ಬಂತು ಅಂದ್ರೆ ಮಾತ್ರ ಕಳ್ಳ ಬಂದ ಅಂತ ಮೈಮ್ಯಾಲೆ ಬೀಳ್ತಾರೆ. ದಪ್ಪ ಇದ್ದೋರಿಗೆ ಆಪರೇಷನ್ ಆದ ಮ್ಯಾಲೆ ಗಂಡಾಂತರ ಜಾಸ್ತಿ."

"ಅಂದ್ರೆ ನನ್ನ ಹೊಟ್ಟೆನೇ ನನ್ನ ವೈರಿ."

"ಮೂರು ತಿಂಗ್ಳು ಟೈಮ್ ಐತೆ. ಇಳಿಸ್ರಿ."

ಇಳಿಸುವ ಉಸ್ತುವಾರಿ ಹೊತ್ತವರು ಪಕ್ಕದ ಬೀದಿಯ ಕರೀಂ ಸಾಬ್. ಅವರದು ಗುಜರಿ ಅಂಗಡಿ. ವಾರಕ್ಕೊಮ್ಮೆ ಬಕ್ಕೇಶಪ್ಪನನ್ನು ತುಕ್ಕು ಹಿಡಿದ ಫ್ಯಾನುಗಳ ನಡುವೆ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಮೊದಲ ತಿಂಗಳು ಎಂಟು ಕೆಜಿ ಇಳಿಯಿತು. ಎರಡನೆಯ ತಿಂಗಳು ಎರಡು ಕೆಜಿ ಏರಿತು.

"ಬಕ್ಕೇಶಣ್ಣ, ಖರೇ ಹೇಳು. ಕದ್ದು ತಿಂತೀಯಾ?"

"ನಿನ್ನಾಣೆ ಇಲ್ಲೋ ಮಾರಾಯ. ಒಣ ರೊಟ್ಟಿ, ಸೊಪ್ಪಿನ ಪಲ್ಯ. ನಮ್ಮ ಎಮ್ಮೆನೂ ಇದಕ್ಕಿಂತ ಚೆನ್ನಾಗಿ ತಿಂತಿತ್ತು."

ಕರೀಂ ಸಾಬ್ ಮನೆಗೇ ಬಂದು ಒಂದು ರೊಟ್ಟಿ ಮುರಿದರು. ಬೆರಳು ಮಿರಮಿರ ಮಿಂಚಿತು. ಮೂಸಿದರು. ತುಪ್ಪ!

"ಕಸ್ತೂರಕ್ಕ, ಏನಿದು? ಹಿಟ್ಟಿಗೇ ತುಪ್ಪ ಹಾಕಿ ನಾದೀರಿ?"

ಬಕ್ಕೇಶಪ್ಪನ ಹೆಂಡತಿ ಕಸ್ತೂರಮ್ಮ ಸೆರಗು ಬಿಗಿದಳು. "ಹೌದು, ಹಾಕೀನಿ. ಇವ್ರು ಐಸಿಯುದಾಗೆ ಬಿದ್ದಾಗ ಹರಿಹರೇಶ್ವರನಿಗೆ ಹರಕೆ ಹೊತ್ತೀನಿ. ಮನೆಗೆ ಕಳ್ಸಪ್ಪ, ಇವ್ರ ತೂಕದ ಬೆಲ್ಲ ಕೊಡ್ತೀನಿ ಅಂದೀನಿ. ಅವತ್ತು ತೊಂಬತ್ತನಾಲ್ಕು ಇದ್ರು. ಕಾರ್ತಿಕ ಸೋಮವಾರ ತುಲಾಭಾರ. ಅಷ್ಟರಾಗೆ ಇವ್ರು ಇಳಿದ್ರೆ ದೇವ್ರಿಗೆ ಮೋಸ ಆಗಲ್ವಾ?"

"ತೊಂಬತ್ತನಾಲ್ಕು ಕೆಜಿ ಬೆಲ್ಲ ಸುಮ್ನೆ ಕೊಟ್ಟುಬಿಡು," ಎಂದ ಬಕ್ಕೇಶಪ್ಪ.

"ತಕ್ಕಡಿ ಸಮ ನಿಲ್ಲಬೇಕ್ರಿ. ಆ ದೇವ್ರು ಅರ್ಧ ಶಿವ, ಅರ್ಧ ವಿಷ್ಣು. ಶಿವ ಬಿಟ್ರೂ ವಿಷ್ಣು ಬಿಡಲ್ಲ. ತೂಕ ಹಾಕಿಸ್ಕೊಂಡು ಬಂದು ಆಮ್ಯಾಲೆ ಉಪವಾಸ ಬೀಳ್ರಿ."

"ಅಲ್ಲಿಗೆ ಡಾಕ್ಟ್ರ ಗಡುವು ಮುಗೀತದೆ ಕಣೇ! ಬೆಲ್ಲ ದೇವ್ರಿಗೆ, ನಾನೂ ದೇವ್ರಿಗೆ."

"ಬಿಡ್ತು ಅನ್ರಿ!" ಎಂದು ಕಿರುಚಿದಳು. ಅನ್ನಿಸಿದಳು. ತುಪ್ಪ ಮಾತ್ರ ಬಿಡಲಿಲ್ಲ.

ಕರೀಂ ಸಾಬ್ ಹರಿಹರಕ್ಕೆ ಫೋನ್ ಮಾಡಿಸಿ ಪೂಜಾರಿಯನ್ನು ಕೇಳಿದರು. ಹರಕೆಗೆ ಯಾವ ಸೋಮವಾರವಾದರೂ ನಡೆಯುತ್ತದೆ, ನಾಡಿದ್ದೇ ಬನ್ನಿ ಎಂದ ಆತ. ಕಸ್ತೂರಮ್ಮ ಒಪ್ಪಿದಳು. ಬೆಲ್ಲ ಮಾತ್ರ ತೊಂಬತ್ತನಾಲ್ಕಕ್ಕೆ ಒಂದು ಅಚ್ಚೂ ಕಡಿಮೆ ಮಾಡಲಿಲ್ಲ.

ಗುಡಿಯ ಹೊರಗಿನ ಮಂಟಪದಲ್ಲಿ ತಕ್ಕಡಿ ಕಟ್ಟಿದರು. ಎಂಬತ್ತೆಂಟು ಕೆಜಿಯ ಬಕ್ಕೇಶಪ್ಪ ಒಂದು ತಟ್ಟೆಯಲ್ಲಿ ಪದ್ಮಾಸನ ಹಾಕಿ ಕೂತ. ಪದ್ಮಾಸನ ಎಂದರೆ, ಹೊಟ್ಟೆ ಬಿಟ್ಟ ಜಾಗದಲ್ಲಿ ಕಾಲು. ಸಿಲಿಂಡರ್ ಹಿಡಿದು ಕರೀಂ ಸಾಬ್ ಪಕ್ಕದಲ್ಲಿ ನಿಂತರು. ಇನ್ನೊಂದು ತಟ್ಟೆಗೆ ಕಸ್ತೂರಮ್ಮನೇ ಬೆಲ್ಲ ಪೇರಿಸಿದಳು. ಕೊನೆಯ ಅಚ್ಚುಗಳು ಬಿದ್ದವೋ ಇಲ್ಲವೋ, ಬೆಲ್ಲದ ತಟ್ಟೆ ದಡಕ್ಕೆಂದು ನೆಲ ಕಚ್ಚಿತು. ಬಕ್ಕೇಶಪ್ಪ ಮೇಲಕ್ಕೆ ಹೋದ.

"ಲೇ, ನಳಿಕೆ! ನಳಿಕೆ ಎಳೀತೈತೆ!"

ಕರೀಂ ಸಾಬ್ ಸಿಲಿಂಡರನ್ನು ತಲೆಯ ಮೇಲೆತ್ತಿ ತುದಿಗಾಲಲ್ಲಿ ನಿಂತರು. "ಬೇಗ ಇಳಿಸ್ರಮ್ಮೋ, ನನ್ನ ಸೊಂಟ ಹೋತು!"

ಪೂಜಾರಿ ಬೆಲ್ಲಕ್ಕೆ ಕೈ ಹಾಕಿದ. ಕಸ್ತೂರಮ್ಮ ಅವನ ಕೈ ಹಿಡಿದಳು. "ಮುಟ್ಟಬ್ಯಾಡ್ರಿ, ಅದು ದೇವ್ರದು."

"ಹಂಗಾದ್ರೆ ನಿಮ್ಮ ಯಜಮಾನ್ರು ಅಲ್ಲೇ ಇರ್ತಾರವ್ವ."

ಆಗ ಆಕೆ ತಲೆಯೆತ್ತಿ ನೋಡಿದಳು. ಬಕ್ಕೇಶಪ್ಪನ ತುಟಿ ನೀಲಿಯಾಗುತ್ತಿತ್ತು. ಎರಡೂ ಕೈಯಲ್ಲಿ ಸರಪಳಿ ಹಿಡಿದು, ಬಾಯಿ ತೆರೆದು, ಮೇಲೆ ತೂಗಾಡುತ್ತಿದ್ದ. ಐಸಿಯುವಿನಲ್ಲಿ ಇದ್ದ ಮುಖವೇ.

ಆಕೆ ಪೂಜಾರಿಯ ಕೈ ಬಿಟ್ಟಳು. ಬಗ್ಗಿ ಬೆಲ್ಲದ ಒಂದು ಅಚ್ಚು ತೆಗೆದಳು. ಇನ್ನೊಂದು ತೆಗೆದಳು. "ಇಳೀರಿ, ಇಳೀರಿ," ಎನ್ನುತ್ತ ಆರು ಕೆಜಿ ಬೆಲ್ಲ ತೆಗೆದು ಉಡಿ ತುಂಬಿಕೊಂಡಳು. ತಕ್ಕಡಿ ಸಮ ನಿಂತಿತು. ಉಡಿಯಲ್ಲಿದ್ದುದನ್ನು ಗುಡಿಯ ಬಾಗಿಲಲ್ಲಿ ಕೂತವರಿಗೆ ಹಂಚಿಬಿಟ್ಟಳು. ಮನೆಗೆ ಬಂದವಳೇ ತುಪ್ಪದ ಡಬ್ಬಿಯನ್ನು ಕರೀಂ ಸಾಬ್ ಮನೆಗೆ ಸಾಗಿಸಿದಳು.

ಗಡುವಿನ ದಿನ ಆಸ್ಪತ್ರೆಯ ತಕ್ಕಡಿ ಎಂಬತ್ತು ಕೆಜಿ ಆರುನೂರು ಗ್ರಾಂ ತೋರಿಸಿತು. ಬಕ್ಕೇಶಪ್ಪನ ಮುಖ ಬಾಡಿತು.

"ಕೊರಳಾಗಿನ ಬೆಳ್ಳಿ ಕರಡಿಗೆ ತೆಗೆದಿಟ್ರೆ?" ಎಂದರು ಕರೀಂ ಸಾಬ್.

"ಅದ್ರಾಗೆ ಲಿಂಗ ಐತೆ. ಜೀವ ಇರೋ ತನಕ ತೆಗೆಯಂಗಿಲ್ಲ," ಎಂದಳು ಕಸ್ತೂರಮ್ಮ. ಗಂಡನ ಸೊಂಟದ ಕಡೆ ನೋಡಿದಳು. "ಏನ್ರಿ, ಪ್ಯಾಂಟ್ ಬಿಚ್ಚಿರಿ."

"ಡಾಕ್ಟ್ರಮ್ಮ ಅದಾರೆ ಕಣೇ!"

"ಅವ್ರು ನೋಡದೇ ಇರೋದು ನಿಮ್ಹತ್ರ ಏನೈತೆ? ಬಿಚ್ಚಿರಿ ಅಂದ್ರೆ ಬಿಚ್ಚಿರಿ."

ವಾಣಿ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ಭುಜ ಕುಣಿಸುತ್ತ ನಿಂತಳು. ಬೆಲ್ಟು, ಬೀಗದ ಕೈ ಗೊಂಚಲು, ಪ್ಯಾಂಟು ಎಲ್ಲ ಕುರ್ಚಿಯ ಮೇಲೆ ಬಿದ್ದವು. ಪಟಾಪಟಿ ಚಡ್ಡಿಯಲ್ಲಿ ಬಕ್ಕೇಶಪ್ಪ ಉಸಿರು ಬಿಗಿಹಿಡಿದು ಹತ್ತಿದ.

ಎಪ್ಪತ್ತೊಂಬತ್ತು ಕೆಜಿ ಏಳುನೂರು ಗ್ರಾಂ.

ಅವನು ಇಳಿದು ಪ್ಯಾಂಟಿಗೆ ಕೈ ಚಾಚಿದ. ಕಸ್ತೂರಮ್ಮ ಅದನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡಳು.

"ತಡೀರಿ. ಡಾಕ್ಟ್ರು ಮೊದ್ಲು ಪಟ್ಟಿಗೆ ಹೆಸರು ಬರೀಲಿ."